ಬೊಜ್ಜು ಮತ್ತು ಸ್ತನ ಕ್ಯಾನ್ಸರ್: ಸಂಶೋಧನಾ ವರದಿಯನ್ನು ಓದುವುದು ಹೇಗೆ?

ಬೊಜ್ಜಿಗೂ ಸ್ತನ ಕ್ಯಾನ್ಸರಿಗೂ ನಂಟಿದೆ ಎಂಬ ವರದಿ ಕೈಗೆ ಬಂದಾಗ ಮೊದಲು ಹುಡುಕಬೇಕಾದದ್ದು, ಅಧ್ಯಯನಕ್ಕೆ ಒಳಪಟ್ಟ ಮಹಿಳೆಯರಿಗೆ ಮುಟ್ಟು ನಿಂತಿತ್ತೇ ಇಲ್ಲವೇ ಎಂಬುದನ್ನು. ಮುಟ್ಟು ನಿಂತ ಮೇಲೆ ಬೊಜ್ಜು ಈ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ. ಅದಕ್ಕೆ ಮುಂಚಿನ ವಯಸ್ಸಿನಲ್ಲಾದರೋ ಹೆಚ್ಚು ತೂಕದವರಲ್ಲಿ ಅದು ಒಟ್ಟಾರೆ ತುಸು ಕಡಿಮೆಯೇ ಕಂಡುಬಂದಿದೆ. ಈ ಎರಡು ಗುಂಪುಗಳನ್ನು ಬೆರೆಸಿ ಬರೆದ ವರದಿಯನ್ನು ಆಧಾರವಾಗಿ ಇಟ್ಟುಕೊಳ್ಳದಿರುವುದು ಲೇಸು.

ಎರಡನೆಯದಾಗಿ, ಈಸ್ಟ್ರೊಜೆನ್ ಹಾರ್ಮೋನಿನ ಜಾಡು ಹಿಡಿಯಿರಿ. ಮುಟ್ಟು ನಿಲ್ಲುವವರೆಗೆ ಅದನ್ನು ಮುಖ್ಯವಾಗಿ ಅಂಡಾಶಯಗಳು ತಯಾರಿಸುತ್ತವೆ. ಆಮೇಲೆ ಆ ಕೆಲಸ ಬಹುಮಟ್ಟಿಗೆ ಕೊಬ್ಬಿನ ಅಂಗಾಂಶದ ಪಾಲಿಗೆ ಬರುತ್ತದೆ: ಅಲ್ಲಿರುವ ಅರೊಮಟೇಸ್ ಎಂಬ ಕಿಣ್ವವು ರಕ್ತದಲ್ಲಿ ಹರಿದು ಬರುವ ಆಂಡ್ರೊಜೆನ್‌ಗಳನ್ನು (ಪುರುಷ ಹಾರ್ಮೋನುಗಳೆಂದು ಕರೆಯಲಾಗುವ, ಮಹಿಳೆಯರಲ್ಲೂ ಇರುವ ಹಾರ್ಮೋನುಗಳನ್ನು) ಈಸ್ಟ್ರೊಜೆನ್ ಆಗಿ ಮಾರ್ಪಡಿಸುತ್ತದೆ. ಕೊಬ್ಬು ಹೆಚ್ಚಿದಷ್ಟೂ ಈ ತಯಾರಿಕೆ ಹೆಚ್ಚು. ಹಾರ್ಮೋನನ್ನು ರಕ್ತದಲ್ಲಿ ಹಿಡಿದಿಡುವ ಪ್ರೋಟೀನು ಬೊಜ್ಜಿನವರಲ್ಲಿ ಕಡಿಮೆಯಿರುವುದರಿಂದ, ಕೋಶಗಳಿಗೆ ಸಿಗುವ ಈಸ್ಟ್ರೊಜೆನ್ ಇನ್ನಷ್ಟು ಏರುತ್ತದೆ. ಮುಟ್ಟು ನಿಂತವರಲ್ಲಿ ಬೊಜ್ಜಿನ ನಂಟು ಈಸ್ಟ್ರೊಜೆನ್ ಗ್ರಾಹಕಗಳಿರುವ, ಅಂದರೆ ಆ ಹಾರ್ಮೋನು ಬಂದು ಅಂಟಿಕೊಳ್ಳುವ ಪ್ರೋಟೀನುಗಳಿರುವ, ಗಡ್ಡೆಗಳೊಂದಿಗೇ ಹೆಚ್ಚು ಬಲವಾಗಿರುವುದು ಇದಕ್ಕೆ ಸರಿಹೊಂದುತ್ತದೆ. ಚಿಕಿತ್ಸೆಯಲ್ಲಿ ಬಳಸುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ತಡೆಯುವುದೂ ಇದೇ ಕಿಣ್ವವನ್ನು.

ಮೂರನೆಯ ಹೆಜ್ಜೆ, ಉರಿಯೂತದ ಬಗ್ಗೆ ವರದಿ ಏನು ಹೇಳುತ್ತದೆಂದು ನೋಡುವುದು. ಇಡೀ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸುವ ಭಾಗವಿದು. ಬೊಜ್ಜಿರುವ ಹಲವರ ಸ್ತನದ ಅಂಗಾಂಶದ ತೆಳುವಾದ ಪದರವೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ, ಅತಿಯಾಗಿ ಉಬ್ಬಿ ಸಾಯುತ್ತಿರುವ ಕೊಬ್ಬಿನ ಕೋಶವೊಂದರ ಸುತ್ತ ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳು ಒತ್ತೊತ್ತಾಗಿ ಕುಳಿತು ಕಿರೀಟದಂತೆ ಬಳಸಿರುವುದು ಕಾಣುತ್ತದೆ. ಅಲ್ಲಿ ಹೊಮ್ಮುವ ಉರಿಯೂತದ ರಾಸಾಯನಿಕಗಳು ಅಕ್ಕಪಕ್ಕದ ಕೋಶಗಳಲ್ಲಿ ಅರೊಮಟೇಸ್ ಹೆಚ್ಚುವಂತೆ ಮಾಡುತ್ತವೆ. ಅಂದರೆ ಉರಿಯೂತವೂ ಹಾರ್ಮೋನೂ ಬೇರೆ ಬೇರೆ ಕಾರಣಗಳಲ್ಲ, ಒಂದು ಇನ್ನೊಂದಕ್ಕೆ ಇಂಬು ಕೊಡುತ್ತದೆ.

ಇನ್ಸುಲಿನ್ ಮತ್ತು ಕೊಬ್ಬಿನ ಕೋಶಗಳು ಸ್ರವಿಸುವ, 1994ರಲ್ಲಿ ಪತ್ತೆಯಾದ ಲೆಪ್ಟಿನ್ ಎಂಬ ಹಾರ್ಮೋನು, ಇವೆರಡೂ ಬೊಜ್ಜಿನಲ್ಲಿ ಏರುತ್ತವೆ ಮತ್ತು ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುತ್ತವೆ. ವರದಿಯ ಫಲಿತಾಂಶ ಬಂದದ್ದು ಅಂಥ ಕೋಶಗಳಿಂದಲೋ, ಇಲಿಗಳಿಂದಲೋ, ಮನುಷ್ಯರಿಂದಲೋ ಎಂಬುದನ್ನು ಗುರುತು ಹಾಕಿಕೊಳ್ಳಿ.

ನಂತರ ಅಂಕಿಗಳಿಗೆ ಬನ್ನಿ. 2008ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ, ದೇಹದ್ರವ್ಯ ಸೂಚಿ, ಅಂದರೆ ಬಿಎಂಐ, 5ರಷ್ಟು ಹೆಚ್ಚಿದಂತೆ ಮುಟ್ಟು ನಿಂತ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಸುಮಾರು ಶೇ 12ರಷ್ಟು ಏರುತ್ತದೆ. ನೂರರಲ್ಲಿ ಹನ್ನೆರಡು ಮಂದಿಗೆ ಕಾಯಿಲೆ ಬರುತ್ತದೆ ಎಂದು ಇದರ ಅರ್ಥವಲ್ಲ. ಒಂದು ದೊಡ್ಡ ಗುಂಪಿನಲ್ಲಿ 100 ಮಂದಿಗೆ ಬರುತ್ತಿದ್ದರೆ, ಬಿಎಂಐ ಅಷ್ಟು ಹೆಚ್ಚಿರುವ ಅಷ್ಟೇ ದೊಡ್ಡ ಇನ್ನೊಂದು ಗುಂಪಿನಲ್ಲಿ 112 ಮಂದಿಗೆ ಬಂದೀತು ಎಂದರ್ಥ.

ಕೊನೆಯದಾಗಿ, ಸಂಶೋಧಕರು ಅಳೆದದ್ದು ಏನನ್ನು ಎಂದು ಪರಿಶೀಲಿಸಿ. ಬಿಎಂಐ ಎತ್ತರ ಮತ್ತು ತೂಕದ ಲೆಕ್ಕವೇ ಹೊರತು ಕೊಬ್ಬಿನ ಅಳತೆಯಲ್ಲ. ಸೂಚಿ ಸಾಮಾನ್ಯ ಮಟ್ಟದಲ್ಲಿದ್ದ ಕೆಲವು ಮಹಿಳೆಯರ ಸ್ತನದ ಅಂಗಾಂಶದಲ್ಲೂ ಆ ಕಿರೀಟಗಳು ಕಂಡಿವೆ.