ಡಯಲ್ ಸರಿ ಮಾಡ್ದೆ ಪಾಲಿಶ್‌ಗೆ ಕೈ ಹಾಕ್ಬೇಡಿ

ಹಳೇ ಡಯಲ್ ಫೋನ್ ತಂದು ರಿಪೇರಿ ಮಾಡೋದು ನಂಗೊಂದು ಹುಚ್ಚು. ಇಲ್ಲಿ ಮೈಸೂರಲ್ಲಿ ಮಂಡಿ ಮೊಹಲ್ಲಾ ಕಡೆ ಗುಜರಿಯವ್ರು ಮುಂಚೆ ತೂಕಕ್ಕೆ ಕೊಡೋರು, ಈಗ ಕೇಳಿದ್ರೆ "ಇದು ಆಂಟಿಕ್ ಪೀಸು ಸಾರ್, ತೂಕದ ಲೆಕ್ಕ ಬರಲ್ಲ" ಅಂತಾರೆ. ನನ್ನ ಹತ್ರ ಇರೋದ್ರಲ್ಲಿ ಜಾಸ್ತಿ ಐಟಿಐದೇ, ಅಂದ್ರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ದು, ಅದೇ 1948ರಲ್ಲಿ ಶುರುವಾದ ಬೆಂಗಳೂರು ದೂರವಾಣಿನಗರದ ಕಾರ್ಖಾನೆ.

ತಗೊಳೋವಾಗ ನಾನು ಹೊಳಪು ನೋಡಲ್ಲ. ಸೊನ್ನೆಗೆ ಬೆರಳು ಹಾಕಿ ಪೂರ್ತಿ ತಿರುಗಿಸಿ ಬಿಡ್ತೀನಿ, ಗರ್ರ್ ಅಂತ ಒಂದೇ ಸ್ಪೀಡಲ್ಲಿ ವಾಪಸ್ ಬರ್ಬೇಕು. ಯಾಕಂದ್ರೆ ಡಯಲ್ ವಾಪಸ್ ಬರೋವಾಗ್ಲೇ ಲೈನ್ ಕಟ್ಟಾಗಿ ಕಟ್ಟಾಗಿ ಸೇರೋದು, 3 ತಿರುಗಿಸಿದ್ರೆ ಮೂರು ಸಲ, 0 ಅಂದ್ರೆ ಹತ್ತು ಸಲ, ಎಕ್ಸ್‌ಚೇಂಜು ಇದನ್ನೇ ಎಣಿಸೋದು, ಸೆಕೆಂಡಿಗೆ ಸುಮಾರು 10 ಇರ್ಬೇಕು. ಈ ಸ್ಪೀಡ್ ಹಿಡಿದಿಡೋದು ಹಿಂದ್ಗಡೆ ಇರೋ ಗವರ್ನರ್ರು. ಎರಡು ಪುಟಾಣಿ ತೂಕ ತಿರುಗ್ತಾ ಅಗಲ ಆಗಿ ಸುತ್ತ ಇರೋ ಬಟ್ಟಲಿಗೆ ಉಜ್ಜುತ್ತೆ, ಅದೇ ಬ್ರೇಕು. ಹಳೇ ಗ್ರೀಸು ಗಟ್ಟಿಯಾಗಿ ಡಯಲ್ ತೆವಳ್ತಿದ್ರೆ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಬ್ರಷ್ ಅದ್ದಿ ಗೇರ್ ಹಲ್ಲೆಲ್ಲ ಕ್ಲೀನ್ ಮಾಡಿ, ಆಮೇಲೆ ಸೂಜಿ ಮೊನೇಲಿ ಗಡಿಯಾರದ ಎಣ್ಣೆ, ಅದೂ ತಿರುಗೋ ಕಡ್ಡಿ ತುದಿಗಷ್ಟೆ. ಬಟ್ಟಲಿಗೆ ಎಣ್ಣೆ ತಾಗಿದ್ರೆ ಬ್ರೇಕೇ ಇಲ್ದೆ ಡಯಲ್ ಓಡುತ್ತೆ. ಚೆಕ್ ಮಾಡಕ್ಕೆ ಮೆಷಿನ್ ಏನೂ ಬೇಡ, ಮೊಬೈಲ್ ಪಕ್ಕದಲ್ಲಿಟ್ಟು ಸೊನ್ನೆ ತಿರುಗೋ ಸದ್ದು ರೆಕಾರ್ಡ್ ಮಾಡಿ ಯಾವ್ದಾದ್ರೂ ಆಡಿಯೋ ಆ್ಯಪಲ್ಲಿ ದೊಡ್ದು ಮಾಡಿ ನೋಡಿ, ಹತ್ತು ಟಿಕ್ಕು ಹೆಚ್ಚುಕಮ್ಮಿ ಒಂದು ಸೆಕೆಂಡಲ್ಲಿ ಕೂತ್ರೆ ಸಾಕು.

ಮಾತು ಗೊಗ್ಗರಾಗಿ ಕೇಳಿದ್ರೆ ಮೈಕ್ ಒಳಗಿನ ಇದ್ದಿಲ ಕಾಳು ಗಟ್ಟಿಯಾಗಿರುತ್ತೆ, ಬಿಚ್ಚಿ ಅಂಗೈ ಮೇಲೆ ಮೆಲ್ಲಗೆ ತಟ್ಟಿದ್ರೆ ಎಷ್ಟೋ ಸಲ ಸರಿಹೋಗುತ್ತೆ. ಬೇಕಲೈಟ್ ಅನ್ನೋ ಹಳೇ ಗಟ್ಟಿ ಪ್ಲಾಸ್ಟಿಕ್‌ನ ಫೋನ್ ಮೈನ ನೀರಲ್ಲಿ ನೆನೆ ಹಾಕ್ಲೇಬೇಡಿ, ಅದ್ರಲ್ಲಿ ಮರದ ಪುಡಿ ಕಲಸಿರ್ತಾರೆ, ಮೇಲಿನ ಪದರ ಸವೆದಿದ್ರೆ ನೀರು ಕುಡಿಯುತ್ತೆ. ಉಪ್ಪುಕಾಗದ ಅಂತೂ ಬೇಡ್ವೇ ಬೇಡ. ಮೆತ್ತಗಿನ ಬಟ್ಟೇಲಿ ಒಂದು ಚೂರು ಬ್ರಾಸೋ ಪಾಲಿಶ್, ಅಷ್ಟೇ. ಲೈನ್ ಕಿತ್ತೇ ಕೆಲಸ ಮಾಡಿ, ಯಾರಾದ್ರೂ ರಿಂಗ್ ಕೊಟ್ರೆ ಹತ್ತತ್ರ 75 ವೋಲ್ಟ್ ಬರುತ್ತೆ, ಚುರ್ ಅನ್ಸುತ್ತೆ.

ಇಷ್ಟೆಲ್ಲ ಮಾಡಿ ಫೈಬರ್ ಮೋಡೆಮ್‌ಗೆ ಚುಚ್ಚಿದ್ರೆ ನಮ್ಮನೇಲಿ ಬೆಲ್ಲು ಹೊಡೆಯುತ್ತೆ, ಮಾತಾಡ್ಬೋದು, ಡಯಲ್ ಮಾತ್ರ ಅದಕ್ಕೆ ಅರ್ಥ ಆಗಲ್ಲ. ಡಯಲ್‌ನ ಆ ಕಟ್ಟಾಗಿ ಸೇರೋ ಪಲ್ಸ್‌ನ ಬಟನ್ ಫೋನಿನ ಟೋನ್ ಮಾಡೋ ಕನ್ವರ್ಟರ್ ಹಾಕ್ಬೇಕು. ನಾನಿನ್ನೂ ಹಾಕ್ಸಿಲ್ಲ, ಫೋನ್ ಬಂದ್ರೆ ಎತ್ತೋದಷ್ಟೆ.