ಖಳನ ಕಾವಲುಗಾರನಿಗೆ ಸಂಬಳ ಎಷ್ಟು?

ಏಳು ವರ್ಷಗಳಿಂದ ನಾನು ಬೆಂಗಳೂರಿನಲ್ಲಿ ಐವರು ಗೆಳೆಯರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಮಾತು ಮತ್ತು ಡೈಸ್‌ಗಳಿಂದ ಕಥೆ ಕಟ್ಟುವ ಆಟವನ್ನು ಆಡಿಸುತ್ತಿದ್ದೇನೆ. ಹದಿನೈದು ದಿನಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ನಮ್ಮ ಮನೆಯ ಊಟದ ಮೇಜಿನ ಸುತ್ತ ಸೇರುತ್ತೇವೆ. ಆ ಐವರು ತಲಾ ಒಂದು ಪಾತ್ರವನ್ನು ವಹಿಸಿದರೆ, ಊರು, ಕಾಡು, ಛತ್ರದ ಯಜಮಾನ, ದೆವ್ವ, ದೊರೆ, ಖಳ ಎಲ್ಲವೂ ಸೇರಿ ಉಳಿದ ಲೋಕವಷ್ಟೂ ಡಂಜನ್ ಮಾಸ್ಟರ್ ಆದ ನನ್ನ ಪಾಲಿಗೆ ಬರುತ್ತದೆ. ಈ ಅವಧಿಯಲ್ಲಿ ನಾನು ಅತಿ ಹೆಚ್ಚು ಸಲ ಹರಿದುಹಾಕಿ ಮತ್ತೆ ಬರೆದದ್ದು ಖಳರನ್ನು. ಅದರಲ್ಲೂ ಖಳನಿಗಿಂತ ಹೆಚ್ಚಾಗಿ ಅವನ ಹಿಂದೆ ನಿಲ್ಲುವವರನ್ನು.

ನನ್ನ ಮೊದಲ ಖಳ ಒಬ್ಬ ಮಾಂತ್ರಿಕ. ಕರಿಗಲ್ಲಿನ ಗೋಪುರ, ಮೂವತ್ತು ಮಂದಿ ಕಾವಲುಗಾರರು, ಲೋಕವನ್ನು ಕತ್ತಲೆಯಲ್ಲಿ ಮುಳುಗಿಸುವ ಹಂಬಲ, ಇಷ್ಟೇ ಅವನ ಬಂಡವಾಳ. ಹತ್ತು ಸೆಷನ್‌ಗಳವರೆಗಾದರೂ ಅವನು ಬದುಕಿರಲೆಂದು ನಾನು ಲೆಕ್ಕ ಹಾಕಿಕೊಂಡಿದ್ದೆ, ಆದರೆ ಮೂರನೆಯದರಲ್ಲೇ ಒಬ್ಬ ಆಟಗಾರನ ಇಪ್ಪತ್ತು ಮುಖದ ಡೈಸ್‌ನಲ್ಲಿ ಎಲ್ಲಕ್ಕಿಂತ ದೊಡ್ಡದಾದ ಇಪ್ಪತ್ತೇ ಬಿದ್ದು ಅವನು ಮೆಟ್ಟಿಲ ಮೇಲೆಯೇ ಸತ್ತುಹೋದ. ಕಾವಲುಗಾರರು ಮಾತ್ರ ಹೊಡೆದಾಡುತ್ತಲೇ ಇದ್ದರು, ಏಕೆಂದರೆ ಅವರನ್ನು ನಿಲ್ಲಿಸಬೇಕೆಂಬುದು ನನಗೆ ಹೊಳೆಯಲಿಲ್ಲ. ಆಗ ಒಬ್ಬ ಆಟಗಾರ ಒಬ್ಬ ಕಾವಲುಗಾರನನ್ನು ಹಿಡಿದು ಕೇಳಿದ: “ಏನಪ್ಪಾ, ನಿನ್ನ ಯಜಮಾನ ಸತ್ತಾಯಿತು. ಇನ್ನೂ ಯಾರಿಗೋಸ್ಕರ ಹೊಡೆದಾಡ್ತಿದ್ದೀಯ?” ಹೆದರಿಕೆಯಿಂದ ಎಂದೆ. “ಯಾರ ಹೆದರಿಕೆ? ಅಲ್ಲಿ ಹೆಣ ಬಿದ್ದಿದೆಯಲ್ಲ.” ಹಾಗಾದರೆ ಸಂಬಳಕ್ಕೆ ಎಂದೆ. “ಎಷ್ಟು ಸಂಬಳ? ಇನ್ನು ಮುಂದೆ ಕೊಡೋರು ಯಾರು?” ಎಲ್ಲರೂ ನಕ್ಕರು, ನಾನೂ ನಕ್ಕೆ, ಆದರೆ ಆ ರಾತ್ರಿ ಪಾತ್ರೆ ತೊಳೆಯುವಾಗಲೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ.

ಉತ್ತರಕ್ಕಾಗಿ ಮೊದಲು ನಿಯಮಗಳ ಕಡೆಗೇ ಹೋದೆ. ಈ ಆಟದಲ್ಲಿ ಪ್ರತಿಯೊಂದು ಜೀವಿಗೂ ಅಲೈನ್‌ಮೆಂಟ್ ಎಂಬ ಗುರುತು ಇರುತ್ತದೆ. 1974ರ ಮೊದಲ ಆವೃತ್ತಿಯಲ್ಲಿ ಕ್ರಮ, ತಟಸ್ಥತೆ, ಅವ್ಯವಸ್ಥೆ ಎಂಬ ಮೂರೇ ಬಗೆಗಳಿದ್ದವು. 1978ರ ಹೊತ್ತಿಗೆ ಅವುಗಳಿಗೆ ಒಳಿತು ಕೆಡುಕುಗಳ ಅಳತೆಯೂ ಸೇರಿ ಒಂಬತ್ತು ಮನೆಗಳ ಚೌಕವಾಯಿತು. ಕ್ರಮಬದ್ಧನಾದ ಕೆಡುಕ ಒಪ್ಪಂದಕ್ಕೆ ಬದ್ಧನಾಗಿರುತ್ತಾನೆ, ಅವ್ಯವಸ್ಥೆಯ ಕೆಡುಕ ಯಾರ ಮಾತಿಗೂ ಕಟ್ಟುಬೀಳುವುದಿಲ್ಲ ಎಂಬಷ್ಟನ್ನು ಈ ಚೌಕ ಹೇಳುತ್ತದೆ. ಒಬ್ಬನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದಕ್ಕೆ ಅದು ಸಾಕು. ಏಕೆ ಮತ್ತು ಯಾರಿಗಾಗಿ ಎಂಬುದಕ್ಕೆ ಅದರಲ್ಲಿ ಮನೆಯೇ ಇಲ್ಲ. ನನ್ನ ಕಾವಲುಗಾರರ ಹಾಳೆಯ ಮೇಲೆ ‘ಕೆಡುಕ’ ಎಂದು ಬರೆದುಕೊಂಡದ್ದರಿಂದಲೇ ನಾನು ಮುಂದಿನ ಪ್ರಶ್ನೆ ಕೇಳಿಕೊಂಡಿರಲಿಲ್ಲ ಎನ್ನಿಸುತ್ತದೆ.

ಉದ್ದೇಶವೆಂದರೇನು ಎಂಬುದನ್ನು ನನಗೆ ಕಲಿಸಿದ್ದು ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದ, 1983ರಲ್ಲಿ ಪ್ರಕಟವಾದ ರೇವನ್‌ಲಾಫ್ಟ್ ಎಂಬ ಸಾಹಸ, ಅಂದರೆ ಈ ಆಟದಲ್ಲಿ ಆಡಿಸಲೆಂದೇ ಬರೆದಿಟ್ಟ ಕಥೆ. ಅದರ ಖಳನಾದ ಸ್ಟ್ರಾಡ್ ಲೋಕವನ್ನು ಮುಳುಗಿಸಲು ಹೊರಟವನಲ್ಲ. ಯೌವನವನ್ನೆಲ್ಲ ಯುದ್ಧದಲ್ಲಿ ಕಳೆದು, ತಾನು ಗೆದ್ದ ಕಣಿವೆಯಲ್ಲಿ ಮುದುಕನಾಗುತ್ತಿರುವಾಗ, ತಮ್ಮನನ್ನು ವರಿಸಲಿದ್ದ ತಾತ್ಯಾನಾಳನ್ನು ಬಯಸಿ, ಸಾವಿನೊಂದಿಗೆ ಒಪ್ಪಂದ ಮಾಡಿಕೊಂಡು, ಮದುವೆಯ ದಿನವೇ ತಮ್ಮನನ್ನು ಕೊಂದವನು. ತಾತ್ಯಾನಾ ಕೋಟೆಯ ಮೇಲಿಂದ ಹಾರಿಕೊಂಡಳು, ಅವನು ರಕ್ತಪಿಶಾಚಿಯಾಗಿ ಉಳಿದ. ಆಟದ ಆರಂಭದಲ್ಲಿ ಕಣಿ ಹೇಳುವವಳು ತೆಗೆಯುವ ಇಸ್ಪೀಟೆಲೆಗಳ ಮೇಲೆ ಈ ಸಲ ಸ್ಟ್ರಾಡ್ ಬಯಸುತ್ತಿರುವುದೇನು ಎಂಬುದೂ ನಿರ್ಧಾರವಾಗುತ್ತದೆ. ಹೀಗಾಗಿ ಅದೇ ಖಳನನ್ನು ಎರಡನೆಯ ಸಲ ಆಡಿಸಿದರೆ ಅವನ ನಡೆಗಳೇ ಬೇರೆ. ಇದನ್ನೆಲ್ಲ ಮೆಚ್ಚಿಕೊಂಡು ಓದುವಾಗ ಒಂದು ಸಣ್ಣ ವಿವರವನ್ನು ಮೊದಲ ಸಲ ನಾನು ಗಮನಿಸಿರಲಿಲ್ಲ: ತಮ್ಮನ ಕೊಲೆಯಾದ ದಿನ ಸ್ಟ್ರಾಡ್‌ನ ಮೈಗೆ ಬಾಣ ನೆಟ್ಟವರು ಅವನದೇ ಕೋಟೆಯ ಕಾವಲುಗಾರರು. ಅವರಿಗೂ ಒಂದು ಎಲ್ಲೆ ಇತ್ತು, ಆ ದಿನ ಅದನ್ನು ಅವನು ದಾಟಿದ್ದ.

ಅದೇ ಸಾಹಸದ ದೋಷವನ್ನೂ ಹೇಳಬೇಕು. ಅಲ್ಲಿ ಸ್ಟ್ರಾಡ್‌ಗೆ ಊಳಿಗ ಮಾಡುವ, ಮುಂದೆ ವಿಸ್ತಾನಿಗಳೆಂದು ಹೆಸರಾದ ಅಲೆಮಾರಿಗಳ ಚಿತ್ರಣ ಯುರೋಪಿನ ರೋಮಾ ಜನರ ಬಗೆಗಿನ ಹಳೆಯ ಪೂರ್ವಗ್ರಹಗಳ ಮೇಲೆ ನಿಂತಿತ್ತು. ಅದನ್ನು ತಿದ್ದುವುದಾಗಿ ಪ್ರಕಾಶಕರು 2020ರಲ್ಲಿ ಒಪ್ಪಿಕೊಂಡರು. ಒಂದು ಇಡೀ ಜನಾಂಗ ಹುಟ್ಟಿನಿಂದಲೇ ಖಳನ ಪರ ಎಂದು ಬರೆಯುವುದು ಅನ್ಯಾಯವಷ್ಟೇ ಅಲ್ಲ, ಆಟ ಆಡಿಸುವವನ ಸೋಮಾರಿತನವೂ ಹೌದು: ಅಂಥವರನ್ನು ಯಾವ ಆಟಗಾರನೂ ಮಾತನಾಡಿಸಿ ಒಲಿಸಿಕೊಳ್ಳಲು ಸಾಧ್ಯವಿಲ್ಲ, ಆದ್ದರಿಂದ ಕತ್ತಿಯೊಂದನ್ನು ಬಿಟ್ಟು ಬೇರೆ ದಾರಿಯೇ ಉಳಿಯುವುದಿಲ್ಲ. ಇದಕ್ಕೆ ಹೋಲಿಸಿದರೆ ಇದೇ ಆಟಕ್ಕಾಗಿ 1991ರಲ್ಲಿ ಬಂದ ಡಾರ್ಕ್ ಸನ್ ಎಂಬ ಇನ್ನೊಂದು ಕಲ್ಪಿತ ಲೋಕದ ಟೆಂಪ್ಲರುಗಳು ನನಗೆ ಹೆಚ್ಚು ಉಪಯೋಗಕ್ಕೆ ಬಂದರು. ಅವರು ಮಾಂತ್ರಿಕ ರಾಜರ ಕಚೇರಿಯ ನೌಕರರು. ಅವರ ಮಂತ್ರಶಕ್ತಿ ರಾಜ ಕೊಟ್ಟದ್ದು, ರಾಜ ಸತ್ತರೆ ಶಕ್ತಿಯೂ ಹೋಗುತ್ತದೆ. ಹಾಗಿದ್ದೂ ಟೈರ್ ನಗರದ ರಾಜ ಕಾಲಕ್‌ನ ವಿರುದ್ಧ ಸಂಚಿನಲ್ಲಿ ಸೇರಿ, ಅವನ ನಂತರ ಗದ್ದುಗೆ ಏರಿದವನು ಅವನದೇ ಹಿರಿಯ ಟೆಂಪ್ಲರ್ ಆದ ತಿಥಿಯನ್.

ನಿಷ್ಠೆಯನ್ನು ಅಳೆಯುವ ನಿಯಮಗಳು ಈ ಆಟದಲ್ಲಿ ಇಲ್ಲವೆಂದಲ್ಲ. ನಾವು ಆಡುವ ಐದನೆಯ ಆವೃತ್ತಿಯ 2014ರ ಕೈಪಿಡಿಯಲ್ಲಿ 0ಯಿಂದ 20ರವರೆಗಿನ ನಿಷ್ಠೆಯ ಅಂಕವೊಂದಿದೆ, ಬೇಕಿದ್ದವರು ಬಳಸಬಹುದು. 1981ರ ಬೇಸಿಕ್ ಆವೃತ್ತಿಯಲ್ಲಿ ಜೊತೆಗಾರರನ್ನು ಇಟ್ಟುಕೊಳ್ಳುವವನ ಕರಿಸ್ಮಾಕ್ಕೆ, ಅಂದರೆ ಜನರನ್ನು ಸೆಳೆಯುವ ಶಕ್ತಿಯ ಅಂಕಕ್ಕೆ, ತಕ್ಕಂತೆ ಅವರ ಸಂಖ್ಯೆಯೂ, ಕದನದಲ್ಲಿ ಕದಲದೆ ನಿಲ್ಲುವ ಅವರ ಸ್ಥೈರ್ಯದ ಅಂಕವೂ ನಿಗದಿಯಾಗುತ್ತವೆ: ಕರಿಸ್ಮಾ 18 ಇದ್ದವನಿಗೆ ಸ್ಥೈರ್ಯ 10ರ ಏಳು ಮಂದಿ, 9ರಿಂದ 12 ಇದ್ದವನಿಗೆ ಸ್ಥೈರ್ಯ 7ರ ನಾಲ್ವರು. ವಿಚಿತ್ರವೆಂದರೆ ಈ ಎರಡೂ ನಿಯಮಗಳನ್ನು ಬರೆದಿರುವುದು ನಾಯಕರ ಜೊತೆಗಾರರಿಗಾಗಿ. ಖಳನ ಜೊತೆಗಾರರಿಗೂ ಇವನ್ನೇ ಅನ್ವಯಿಸಿದರೇನು ಎಂದು ನನಗೆ ತೋಚಿದ್ದು ಆಗ. ನನ್ನ ಹೊಸ ಖಳನಿಗೂ ಒಂದು ಕರಿಸ್ಮಾ ಕೊಟ್ಟೆ, ಹನ್ನೆರಡು. ಆದ್ದರಿಂದ ಅವನು ನಾಲ್ವರನ್ನು ಮಾತ್ರ ಹತ್ತಿರ ಇಟ್ಟುಕೊಳ್ಳಬಲ್ಲ, ಉಳಿದವರೆಲ್ಲ ಕೂಲಿಯವರು. ಆ ಮಿತಿಯಿಂದ ನನಗಾದ ಉಪಕಾರ ದೊಡ್ಡದು, ಏಕೆಂದರೆ ಮೂವತ್ತು ಜನರ ಮನಸ್ಸನ್ನು ಬರೆಯಲಾಗದು, ನಾಲ್ವರದನ್ನು ಬರೆಯಬಹುದು.

ಆ ಖಳನ ಹೆಸರು ಕಣಜದೊಡೆಯ. ಮೂರು ಕಣಿವೆಗಳ ಧಾನ್ಯವೆಲ್ಲ ಅವನ ಬೀಗದಡಿ ಇತ್ತು. ಒಂದು ಬರಗಾಲದಲ್ಲಿ ತನ್ನ ಇಬ್ಬರು ಮಕ್ಕಳನ್ನು ಕಳೆದುಕೊಂಡ ಮೇಲೆ ಅವನು ಸತ್ತವರನ್ನು ಎಬ್ಬಿಸಿ ಹೊಲಗಳಲ್ಲಿ ದುಡಿಸತೊಡಗಿದ. ಸತ್ತವರಿಗೆ ಹಸಿವಿಲ್ಲ, ದುಡಿಯುವವರು ಉಣ್ಣದಿದ್ದರೆ ಕಣಜ ಎಂದೂ ಬರಿದಾಗದು, ಹಾಗಾಗಿ ಸತ್ತವರು ಹೆಚ್ಚಿದಷ್ಟೂ ಬದುಕಿದವರು ಕ್ಷೇಮ. ಅವನ ತರ್ಕದಲ್ಲಿ ಎಲ್ಲೂ ಬಿರುಕಿಲ್ಲದಂತೆ ನೋಡಿಕೊಂಡೆ.

ಅವನ ನಾಲ್ವರಲ್ಲಿ ಮೊದಲನೆಯವರು ಕಣಜದ ಲೆಕ್ಕ ಬರೆಯುವವರು, ನಮ್ಮ ಮೇಜಿನಲ್ಲಿ ಎಲ್ಲರೂ ಅವರನ್ನು ಶಾನುಭೋಗರೆಂದೇ ಕರೆದರು. ಬರಗಾಲದಲ್ಲಿ ಅವರು ಧಾನ್ಯ ಕದ್ದು ಮಾರಿದ್ದರು. ಆ ಗುಟ್ಟು ಒಡೆಯನ ಕೈಯಲ್ಲಿತ್ತು. ಎರಡನೆಯವಳು ದಳವಾಯಿ, ಅವಳ ಮನೆಯವರು ಬದುಕುಳಿದದ್ದು ಒಡೆಯನ ಕಣಜದಿಂದ, ಅವಳದು ಉಪ್ಪಿನ ಋಣ. ಮೂರನೆಯವನು ಒಬ್ಬ ಎಳೆಯ ಪೂಜಾರಿ, ಒಡೆಯನ ಮಾತನ್ನು ಮನಸಾರೆ ನಂಬಿದವನು. ನಾಲ್ಕನೆಯವನು ಅಡುಗೆಭಟ್ಟ. ಅವನ ಬಗ್ಗೆ ಎರಡು ಪುಟ ಬರೆದಿಟ್ಟುಕೊಂಡಿದ್ದೆ. ಆಟಗಾರರು ಕೊನೆಯವರೆಗೂ ಅಡುಗೆಮನೆಗೆ ಕಾಲಿಡಲಿಲ್ಲ. ಪ್ರತಿಯೊಬ್ಬರ ಹಾಳೆಯಲ್ಲೂ ಎರಡೇ ಸಾಲು: ಯಾವುದರಿಂದ ಕಟ್ಟುಬಿದ್ದಿದ್ದಾರೆ, ಯಾವುದರಿಂದ ಆ ಕಟ್ಟು ಹರಿಯುತ್ತದೆ.

ಇವರಿಗೆ ಮಾತು ಕೊಡುವಾಗ ಊರಿನ ಪಾಠ ನೆರವಿಗೆ ಬಂತು. ನಾನು ಕರಾವಳಿಯವನು, ತಾಳಮದ್ದಳೆ ಕೇಳುತ್ತ ಬೆಳೆದವನು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೌರವನ ಅರ್ಥ ಹೇಳುವವರು ಕುಳಿತಲ್ಲಿಂದಲೇ ಪೀಠಿಕೆ ಹಾಕಿ, ತನ್ನ ಕಡೆಯ ನ್ಯಾಯವನ್ನು ಎಷ್ಟು ಬಲವಾಗಿ ಮಂಡಿಸುತ್ತಾರೆಂದರೆ, ಕೃಷ್ಣನ ಪಾತ್ರಧಾರಿ ಉತ್ತರಿಸಲು ಬೆವರಬೇಕು. ಸೆಷನ್‌ನ ಹಿಂದಿನ ರಾತ್ರಿ ನಾನೂ ಒಬ್ಬೊಬ್ಬರ ಪೀಠಿಕೆಯನ್ನು ಗಟ್ಟಿಯಾಗಿ ಹೇಳಿ ನೋಡುತ್ತಿದ್ದೆ. ಹೇಳುವಾಗ ನನಗೇ ನಾಚಿಕೆಯಾದ ಸಾಲನ್ನು ಹೊಡೆದುಹಾಕುತ್ತಿದ್ದೆ, ಏಕೆಂದರೆ ಅದು ಆ ಪಾತ್ರದ ಮಾತಲ್ಲ, ನಾನು ಅದರ ಬಾಯಿಗೆ ತುರುಕಿದ್ದು.

ಮೊದಲು ಓಡಿದವರು ಕೂಲಿಯ ಬಿಲ್ಲುಗಾರರು. 1981ರ ನಿಯಮದಂತೆ ಗುಂಪಿನಲ್ಲಿ ಮೊದಲ ಸಾವಾದಾಗ ಎರಡು ಆರುಮುಖದ ಡೈಸ್ ಉರುಳಿಸಬೇಕು. ಮೊತ್ತ ಸ್ಥೈರ್ಯವನ್ನು ಮೀರಿದರೆ ಅವರು ಕದನ ಬಿಡುತ್ತಾರೆ. ಸ್ಥೈರ್ಯ 7 ಇದ್ದವರು 36ರಲ್ಲಿ 15 ಸಲ ಕೈಬಿಡುತ್ತಾರೆ, 10 ಇದ್ದವರು 3 ಸಲ ಮಾತ್ರ. ಬಿಲ್ಲುಗಾರರಿಗೆ 9 ಬಿತ್ತು, ಬಿಲ್ಲು ಬಿಸುಟು ಹೋದರು. ಹಳೆಯ ಪ್ರಶ್ನೆ ಕೇಳಿದ್ದ ಗೆಳೆಯ ಈ ಸಲ ಸುಮ್ಮನೆ ತಲೆಯಾಡಿಸಿದ.

ಶಾನುಭೋಗರ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿತು. ಅವರ ಹಳೆಯ ಕಡತ ಆಟಗಾರರಿಗೆ ಸಿಕ್ಕಿ, ಅವರು ಅದನ್ನು ಸಂತೆಯಲ್ಲಿ ಎಲ್ಲರೆದುರು ಓದಿದರು. ಗುಟ್ಟು ಬಯಲಾದರೆ ಕಟ್ಟು ಹರಿಯುತ್ತದೆ ಎಂದು ನನ್ನ ಹಾಳೆಯಲ್ಲಿತ್ತು. ಆದರೆ ಅವರ ಬಾಯಿಂದ ಮಾತನಾಡಲು ಹೊರಟಾಗ ನನಗೆ ಅರ್ಥವಾದದ್ದೇ ಬೇರೆ: ಇನ್ನು ಮೇಲೆ ಮೂರು ಕಣಿವೆಗಳಲ್ಲಿ ಅವರಿಗೆ ಬಾಗಿಲು ತೆರೆಯುವ ಮನೆ ಒಡೆಯನದೊಂದೇ. ಹೆದರಿಕೆಯಿಂದ ಇದ್ದವರು ಈಗ ಬೇರೆ ಗತಿಯಿಲ್ಲದೆ ಉಳಿದರು, ಮೊದಲಿಗಿಂತ ಗಟ್ಟಿಯಾಗಿ. ಹಾಳೆಯನ್ನು ತಿದ್ದಿ ಸ್ಥೈರ್ಯವನ್ನು 7ರಿಂದ 10ಕ್ಕೆ ಏರಿಸಿದೆ. ಆಟಗಾರರು ಪೆಚ್ಚಾದರು, ಆದರೆ ಯಾರೂ ಅದನ್ನು ಮೋಸವೆನ್ನಲಿಲ್ಲ.

ದಳವಾಯಿಯ ಅಣ್ಣನ ಹೆಣ ಹೊಲದಲ್ಲಿ ನೇಗಿಲು ಹಿಡಿದಿತ್ತು. ಆಟಗಾರರು ಅದನ್ನು ರಾತ್ರಿ ಹೊತ್ತು ತಂದು, ಅವಳೆದುರಿಗೆ ವಿಧಿಯಂತೆ ಸುಟ್ಟರು. ಅವಳು ತಮ್ಮ ಕಡೆ ಬರುತ್ತಾಳೆಂದು ಅವರು ನಂಬಿದ್ದರು, ನಾನೂ ಹಾಗೆಯೇ ಬರೆದುಕೊಂಡಿದ್ದೆ. ಅವಳ ಪೀಠಿಕೆಯನ್ನು ಮತ್ತೆ ಮನಸ್ಸಿನಲ್ಲಿ ಓಡಿಸಿದಾಗ ಅದು ಸಾಧ್ಯವೆನಿಸಲಿಲ್ಲ. ಅವಳು ಕೋಟೆಯ ದಿಡ್ಡಿಬಾಗಿಲನ್ನು ಒಂದು ರಾತ್ರಿ ತೆರೆದಿಟ್ಟಳು, “ಅಣ್ಣನ ಲೆಕ್ಕ ಇಲ್ಲಿಗೆ ಮುಗಿಯಿತು” ಎಂದಳು, ಬೆಳಗಾದ ಮೇಲೆ ಒಡೆಯನ ಮುಂದೆ ಗುರಾಣಿ ಹಿಡಿದು ನಿಂತು ಸತ್ತಳು. ಅವಳನ್ನು ಕೊಂದ ಆಟಗಾರ್ತಿ ಆ ದಿನ ಮತ್ತೆ ಡೈಸ್ ಮುಟ್ಟಲಿಲ್ಲ. ಪೂಜಾರಿ ಯಾವಾಗ ಹೊರಟುಹೋದನೆಂದು ಗಲಾಟೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಬೇಸಿಕ್ ಆವೃತ್ತಿಯಲ್ಲಿ ಅಸ್ಥಿಪಂಜರಗಳ ಸ್ಥೈರ್ಯ 12. ಎರಡು ಡೈಸ್‌ನಲ್ಲಿ ಅದನ್ನು ಮೀರುವ ಮೊತ್ತವೇ ಇಲ್ಲದ್ದರಿಂದ ಅವು ಎಂದೂ ಓಡುವುದಿಲ್ಲ, ಯಾರ ಬಳಿಯೂ ಏನನ್ನೂ ಕೇಳುವುದಿಲ್ಲ. ಆಟಗಾರರು ಕಣಜದ ಒಳಗೆ ಬಂದಾಗ ಒಡೆಯನ ಸುತ್ತ ನಿಂತಿದ್ದವರೆಲ್ಲ ಆ ಸ್ಥೈರ್ಯ ಹನ್ನೆರಡರವರೇ, ಮೂಲೆಯ ಮೇಜಿನ ಹಿಂದೆ ಕುಳಿತ ಶಾನುಭೋಗರೊಬ್ಬರನ್ನು ಬಿಟ್ಟು. ಹೊಡೆದಾಟ ಮುಗಿದ ಮೇಲೆ ಗೆಳೆಯ ಅವರ ಬಳಿ ಹೋಗಿ, “ಇನ್ನು ಏಳಿ ಸ್ವಾಮಿ, ನಿಮಗೆ ಸಂಬಳ ಕೊಡೋರು ಹೋದರು” ಎಂದ. ಶಾನುಭೋಗರು ತಲೆಯೆತ್ತದೆ, “ಈ ಪುಟ ಮುಗಿಸಿ ಬರುತ್ತೇನೆ” ಎಂದರು.