ಮಳೆಗಾಲದ ರಜೆಯಲ್ಲಿ ದೋಣಿಗೆ ಹೊದಿಕೆ ಹಾಕುವುದು ಹೇಗೆ?

ಜೂನ್ 1 ಬಂತೆಂದರೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ. ಜುಲೈ 31ರವರೆಗೆ, ಅಂದರೆ 61 ದಿನ, ದೊಡ್ಡ ಬೋಟುಗಳು ಬಂದರಿನಲ್ಲೇ ಇರಬೇಕು. 10 ಅಶ್ವಶಕ್ತಿಗಿಂತ ಜಾಸ್ತಿಯ ಎಂಜಿನ್ ಇರುವ ನಾಡದೋಣಿಗಳಿಗೂ ಇದೇ ನಿಯಮ. ಕಾರವಾರದಿಂದ ಉಳ್ಳಾಲದವರೆಗೆ ದಡದ ಮೇಲೆ ಎಳೆದಿಟ್ಟ ದೋಣಿಗಳ ಸಾಲು ಕಾಣುವುದು ಈ ದಿನಗಳಲ್ಲೇ. ಬಲೆ ಮನೆ ಸೇರುತ್ತದೆ, ಎಂಜಿನ್ನೂ ಸೇರುತ್ತದೆ. ದೋಣಿ ಮಾತ್ರ ಹೊರಗೇ ಉಳಿಯುತ್ತದೆ.

ಈ ಎರಡು ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ಬೀಳುವ ಮಳೆ 2,000 ಮಿಲಿಮೀಟರಿನ ಆಸುಪಾಸು. ಇದನ್ನು ಹೀಗೆ ಲೆಕ್ಕ ಹಾಕಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ತೆರೆದ ದೋಣಿಯ ಬಾಯಿ ಹತ್ತು ಚದರ ಮೀಟರ್ ಇದೆ ಅಂತಿಟ್ಟುಕೊಳ್ಳಿ. ಒಂದೇ ದಿನ 100 ಮಿಲಿಮೀಟರ್ ಸುರಿದರೆ ಒಳಗೆ ಸಾವಿರ ಲೀಟರ್ ನೀರು ನಿಲ್ಲುತ್ತದೆ. ಅಂದರೆ ಒಂದು ಟನ್ ಭಾರ. ನೀರಿನ ಮೇಲಿದ್ದಾಗ ದೋಣಿಯ ಭಾರವನ್ನು ಸಮುದ್ರ ಎಲ್ಲ ಕಡೆಯಿಂದಲೂ ಹೊರುತ್ತದೆ. ದಡದಲ್ಲಿ ಅದೇ ಭಾರ ಎರಡು ಮೂರು ದಿಮ್ಮಿಗಳ ಮೇಲೆ ಕೂರುತ್ತದೆ. ತಳ ಬಿರುಕು ಬಿಡುವುದು ಹೀಗೆ.

ಮರದ ದೋಣಿಗೆ ಇನ್ನೊಂದು ಅಪಾಯವೂ ಇದೆ. ವರ್ಷವಿಡೀ ಉಪ್ಪುನೀರಲ್ಲಿದ್ದರೂ ಕೊಳೆಯದ ಹಲಗೆ, ಒಳಗೆ ನಿಂತ ಮಳೆನೀರಿಗೆ ಕೊಳೆಯುತ್ತದೆ. ಉಪ್ಪು ಶಿಲೀಂಧ್ರವನ್ನು ತಡೆಯುತ್ತದೆ, ಸಿಹಿನೀರು ಅದನ್ನು ಬೆಳೆಸುತ್ತದೆ. ಮರದ ತೇವಾಂಶ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಕೊಳೆರೋಗ ಶುರುವಾಗುವುದಿಲ್ಲ. ಹಾಗಾಗಿ ಮಳೆಯನ್ನು ತಡೆದರೆ ಅರ್ಧ ಕೆಲಸವಷ್ಟೇ ಮುಗಿದಂತೆ. ಹೊದಿಕೆಯ ಕೆಳಗಿನ ತೇವವೂ ಹೊರಗೆ ಹೋಗಬೇಕು. ದೋಣಿಯ ಹೊದಿಕೆ ಮನೆಯ ಮಾಡಿನಂತಿರಬೇಕು: ಮೇಲೆ ನೀರು ಜಾರಬೇಕು, ಕೆಳಗೆ ಗಾಳಿ ಆಡಬೇಕು. ಇನ್ನು ಮುಂದೆ ಹೇಳುವ ಪ್ರತಿ ಕೆಲಸವೂ ಈ ಎರಡಕ್ಕಾಗಿಯೇ.

ಮೊದಲು ಜಾಗ, ಆಮೇಲೆ ಟರ್ಪಾಲು

ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರಕ್ಕೆ ಮಳೆಗಾಲದ ಅಲೆಗಳೂ ಸೇರಿದರೆ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಊರಿನ ಹಿರಿಯರನ್ನು ಕೇಳಿ. ಅದಕ್ಕಿಂತ ಸಾಕಷ್ಟು ಮೇಲೆ ದೋಣಿ ಎಳೆಯಿರಿ. ಕಡಲ್ಕೊರೆತ ಇರುವ ಕಡೆ ಕಳೆದ ವರ್ಷದ ಗುರುತನ್ನು ನಂಬಬೇಡಿ. ತೆಂಗಿನ ಮರದ ಬುಡವೂ ಬೇಡ. ನೆರಳು ಚೆನ್ನಾಗಿರುತ್ತದೆ ನಿಜ, ಆದರೆ ಗಾಳಿಗೆ ಬೀಳುವ ಒಂದು ಕಾಯಿ ಸಾಕು, ಹೊದಿಕೆ ಹರಿದು ಫೈಬರ್ ದೋಣಿಗೂ ಪೆಟ್ಟಾಗುತ್ತದೆ.

ಮಳೆಗಾಲದ ಗಾಳಿ ಪಡುವಣ ಮತ್ತು ನೈಋತ್ಯ ದಿಕ್ಕಿನಿಂದ ಬರುತ್ತದೆ. ದೋಣಿಯ ಮೂತಿ ಆ ಕಡೆಗೇ ಇರಲಿ. ಅಡ್ಡಲಾಗಿ ಇಟ್ಟರೆ ಗಾಳಿಯ ಹೊಡೆತವೆಲ್ಲ ಟರ್ಪಾಲಿನ ಅಗಲದ ಮೈಗೆ ಬೀಳುತ್ತದೆ.

ತಳ ಮರಳಿಗೆ ತಾಗಬಾರದು. ತೆಂಗಿನ ಮರದ ದಿಮ್ಮಿ ಅಥವಾ ಹಳೇ ಟೈರುಗಳ ಮೇಲೆ ಕೂರಿಸಿ. ಭಾರ ಮುಖ್ಯವಾಗಿ ತಳದ ನಡುವೆ ಉದ್ದಕ್ಕೆ ಹೋಗುವ ಕೀಲಿನ ಮೇಲೆ ಬೀಳಬೇಕು. ಬದಿಯ ಆಸರೆ ದೋಣಿ ವಾಲದಂತೆ ಹಿಡಿಯಲು ಮಾತ್ರ. ಮೂತಿಯನ್ನು ಒಂದು ಗೇಣು ಎತ್ತರಿಸಿ. ಆಗ ಎಲ್ಲಿಂದಲೋ ನುಸುಳಿದ ನೀರು ಹಿಂದಕ್ಕೆ ಹರಿಯುತ್ತದೆ. ಅಲ್ಲಿ ತಳದ ಡ್ರೈನ್ ಪ್ಲಗ್ ಬಿಚ್ಚಿಡಿ. ಹೊದಿಕೆ ಹಾರಿಹೋದ ರಾತ್ರಿ ದೋಣಿಯನ್ನು ಉಳಿಸುವುದು ಈ ತೆರೆದ ತೂತೇ. ಅದಕ್ಕೆ ಬಲೆಯ ತುಂಡು ಕಟ್ಟಿದರೆ ಇಲಿ ನುಗ್ಗುವುದಿಲ್ಲ. ಬಿಚ್ಚಿದ ಪ್ಲಗ್ಗನ್ನು ದೋಣಿಯಲ್ಲೇ ಕಣ್ಣಿಗೆ ಬೀಳುವ ಕಡೆ ಕಟ್ಟಿಡಿ. ಆಗಸ್ಟಿನಲ್ಲಿ ದೋಣಿ ಇಳಿಸುವ ಅವಸರದಲ್ಲಿ ಅದು ಮರೆತುಹೋಗಬಾರದು.

ತೊಳೆದು ಒಣಗಿಸಿ

ಮೇ ತಿಂಗಳ ಬಿಸಿಲು ಇರುವಾಗಲೇ ಈ ಕೆಲಸ ಆಗಬೇಕು. ಮೊದಲ ಮಳೆ ಬಂದ ಮೇಲೆ ಒಣಗಿಸುತ್ತೇನೆ ಅಂದರೆ ಆಗುವುದಿಲ್ಲ. ಸಿಹಿನೀರಿನಿಂದ ಒಳಗೆ ಹೊರಗೆ ಚೆನ್ನಾಗಿ ತೊಳೆಯಿರಿ. ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಅಂಚಿನಲ್ಲಿ ಉಳಿದ ಮರಳು ಟರ್ಪಾಲು ಅಲ್ಲಾಡಿದಾಗಲೆಲ್ಲ ಬಣ್ಣವನ್ನು ಉಜ್ಜುತ್ತದೆ. ಮೀನಿನ ಪೊರೆ, ರಕ್ತದ ಕಲೆ ಇದ್ದರೆ ಇಲಿ, ಇರುವೆ ಬರುತ್ತವೆ.

ಮರದ ದೋಣಿ ಪೂರ್ತಿ ಒಣಗಿದ ಮೇಲೆ ಎಣ್ಣೆ ಕುಡಿಸಿ. ಬೂತಾಯಿ ಎಣ್ಣೆ, ಹೊನ್ನೆ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಈ ಮೂರೂ ನಮ್ಮ ಕಡೆ ತಲೆಮಾರುಗಳಿಂದ ಬಳಕೆಯಲ್ಲಿವೆ. ಗೇರು ಎಣ್ಣೆ ಚರ್ಮವನ್ನು ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ.

ಎಂಜಿನ್, ಬ್ಯಾಟರಿ, ಬಲೆ ಯಾವುದೂ ಹೊದಿಕೆಯ ಕೆಳಗೆ ಬೇಡ. ದೋಣಿಯ ಹಿಂದೆ ಹೊರಗಡೆ ಸಿಗಿಸುವ ಔಟ್‌ಬೋರ್ಡ್ ಎಂಜಿನ್ನನ್ನು ಸಿಹಿನೀರಲ್ಲಿ ಓಡಿಸಿ, ಒಳಗಿನ ಉಪ್ಪು ತೊಳೆದು, ಮನೆಯಲ್ಲಿ ನೆಟ್ಟಗೆ ನಿಲ್ಲಿಸಿಡಿ. ಪೆಟ್ರೋಲ್, ಸೀಮೆಎಣ್ಣೆಯ ಕ್ಯಾನ್ ಕೂಡ ದೋಣಿಯಲ್ಲಿ ಇರಬಾರದು. ಅದರ ಆವಿ ಗಾಳಿಗಿಂತ ಭಾರ. ತಳದಲ್ಲಿ ಶೇಖರವಾಗಿ ಒಂದು ಕಿಡಿಗೆ ಹೊತ್ತಿಕೊಳ್ಳಬಹುದು.

ಯಾವ ಹೊದಿಕೆ?

ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಟರ್ಪಾಲಿನ ತೂಕ ಎಷ್ಟು ಗ್ರಾಂ ಅಂತ. 90ರ ತೆಳು ನೀಲಿ ಹಾಳೆ ಸೌದೆ ಮುಚ್ಚಲು ಸರಿ. ದೋಣಿಗೆ 200 ಆದರೂ ಇರಲಿ, ಬಯಲು ದಡವಾದರೆ 250. ಬಿಸಿಲು ತಡೆಯುವ ಯುವಿ ಗುಣ ಇದೆಯೇ ಎಂದೂ ಕೇಳಿ. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನ ಟರ್ಪಾಲಿಗೆ ಐಎಸ್ 7903 ಎಂಬ ಭಾರತೀಯ ಮಾನಕ ಇದೆ. ಆ ಗುರುತು ಇದ್ದರೆ ಒಳ್ಳೆಯದು. ಲಾರಿಗೆ ಹಾಕುವ ಪಿವಿಸಿ ಹಾಳೆ ಇನ್ನೂ ಗಟ್ಟಿ, ಆದರೆ ಭಾರ ಜಾಸ್ತಿ, ಬೆಲೆಯೂ ಜಾಸ್ತಿ. ಮೇಣ ಹಾಕಿದ ಹತ್ತಿಯ ಕ್ಯಾನ್ವಾಸ್ ಸ್ವಲ್ಪ ಉಸಿರಾಡುತ್ತದೆ, ಆದರೆ ನಮ್ಮ ಮಳೆಯಲ್ಲಿ ಅದಕ್ಕೇ ಬೂಷ್ಟು ಹಿಡಿಯುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ದೋಣಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಬಿಸಿ ಮಾಡಿ ಮೈಗೆ ಅಂಟಿಸುತ್ತಾರೆ. ಅಲ್ಲಿ ಗಾಳಿ ಒಣ, ಚಿಂತೆ ಹಿಮದ ಭಾರದ್ದು. ಅಲ್ಲೂ ಗಾಳಿಗೆ ಕಿಂಡಿ ಬಿಡುತ್ತಾರೆ. ನಮ್ಮ ಕರಾವಳಿಯ ತೇವದಲ್ಲಿ ಹಾಗೆ ಸುತ್ತಿದರೆ ಒಳಗೆಲ್ಲ ಬೂಷ್ಟು.

ಇನ್ನು ಮಡಲು. ಹೆಣೆದ ತೆಂಗಿನ ಮಡಲು ನೀರನ್ನು ಜಾರಿಸುತ್ತದೆ, ಗಾಳಿಯನ್ನೂ ಬಿಡುತ್ತದೆ. ಖರ್ಚು ಕಡಿಮೆ. ಟರ್ಪಾಲು ಬಂದ ಮೇಲೆ ಮಡಲನ್ನು ಬಿಟ್ಟವರು ಬಹಳ. ನನ್ನ ಮಾತು ಕೇಳಿದರೆ ಎರಡನ್ನೂ ಬಳಸಿ: ಕೆಳಗೆ ಟರ್ಪಾಲು, ಮೇಲೆ ಒಂದು ಸಾಲು ಮಡಲು. ಬಿಸಿಲು ನೇರವಾಗಿ ಬೀಳುವುದಿಲ್ಲ, ಟರ್ಪಾಲು ಪಟಪಟ ಹೊಡೆದುಕೊಳ್ಳುವುದೂ ನಿಲ್ಲುತ್ತದೆ. ಬುಡದ ಕೊತ್ತಳಿಗೆಯನ್ನು ಮಾತ್ರ ಕತ್ತರಿಸಿ ಹಾಕಿ, ಅದರ ಚೂಪು ಅಂಚು ಹಾಳೆಯನ್ನು ಸೀಳುತ್ತದೆ.

ಮಾಡಿನ ಚೌಕಟ್ಟು

ಹೆಚ್ಚಿನ ಹೊದಿಕೆಗಳು ಸೋಲುವುದು ಇಲ್ಲೇ. ಟರ್ಪಾಲನ್ನು ಸುಮ್ನೆ ಅಂಚಿನಿಂದ ಅಂಚಿಗೆ ಎಳೆದು ಕಟ್ಟುತ್ತಾರೆ. ಎಷ್ಟೇ ಬಿಗಿ ಇದ್ದರೂ ನಡುವೆ ಒಂದಿಷ್ಟು ಜಗ್ಗುತ್ತದೆ. ಅಲ್ಲಿ ಒಂದು ಬಿಂದಿಗೆ ನೀರು ನಿಲ್ಲುತ್ತದೆ, ಆ ಭಾರಕ್ಕೆ ಇನ್ನಷ್ಟು ಜಗ್ಗುತ್ತದೆ, ಇನ್ನಷ್ಟು ನೀರು. ಬೆಳಗಾಗುವುದರೊಳಗೆ ಅಂಚಿನ ರಿಂಗುಗಳು ಕಿತ್ತು ಬಂದಿರುತ್ತವೆ. ಕೀಳದಿದ್ದರೆ ಆ ನೀರಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಮಲೇರಿಯಾ, ಡೆಂಗಿ ಇರುವ ನಮ್ಮ ಊರುಗಳಲ್ಲಿ ಅದೇನು ಸಣ್ಣ ವಿಷಯವಲ್ಲ.

ಮೂತಿಯಿಂದ ಹಿಂಭಾಗದವರೆಗೆ ನಡುವೆ ಒಂದು ಉದ್ದ ಬಿದಿರು ನಿಲ್ಲಬೇಕು. ಅದನ್ನು ಎತ್ತಿ ಹಿಡಿಯಲು ಎರಡೂ ತುದಿಯಲ್ಲಿ ಮತ್ತು ನಡುವೆ ಕತ್ತರಿಯಂತೆ ಕಟ್ಟಿದ ಬಿದಿರಿನ ಕಾಲುಗಳು. ಅಡಿಕೆ ಮರದ ಸಲಾಕೆಯೂ ಆಗುತ್ತದೆ. ಕಾಲುಗಳು ತೆಳುವಾದ ಹಲಗೆಯ ಮೇಲೆ ಊರದಿರಲಿ, ಅಡ್ಡಪಟ್ಟಿಯ ಮೇಲೆ ನಿಲ್ಲಲಿ. ಬಿದಿರಿನ ತುದಿ, ಗಂಟು, ತಂತಿಯ ಮೊನೆ ಎಲ್ಲಕ್ಕೂ ಹಳೇ ಟ್ಯೂಬ್ ಅಥವಾ ಗೋಣಿ ಸುತ್ತಿ. ಟರ್ಪಾಲು ತೂತಾಗುವುದು ಹೆಚ್ಚಾಗಿ ಒಳಗಿನಿಂದಲೇ.

ಅಳತೆ ಹೀಗೆ. ದೋಣಿ 8 ಮೀಟರ್ ಉದ್ದ, 2 ಮೀಟರ್ ಅಗಲ ಅಂತಿಟ್ಟುಕೊಳ್ಳಿ. ನಡುವಿನ ಬಿದಿರು ಅಂಚಿಗಿಂತ 80 ಸೆಂಟಿಮೀಟರ್ ಎತ್ತರದಲ್ಲಿರಲಿ. ಆಗ ಪ್ರತಿ ಬದಿಯ ಇಳಿಜಾರು ಸುಮಾರು 1.3 ಮೀಟರ್. ಎರಡೂ ಬದಿ ಅಂಚಿನಿಂದ ಅರ್ಧ ಮೀಟರ್ ಕೆಳಗೆ ಇಳಿಯಬೇಕು. ಒಟ್ಟು ಅಗಲ 3.6 ಮೀಟರ್. ಉದ್ದಕ್ಕೆ ಎರಡೂ ತುದಿಯಲ್ಲಿ ಅರ್ಧರ್ಧ ಮೀಟರ್ ಸೇರಿಸಿ, 9 ಮೀಟರ್. ಅಂಗಡಿ ಲೆಕ್ಕದಲ್ಲಿ ಇದು 12 ಅಡಿ, 30 ಅಡಿಯ ಹಾಳೆ. ಎರಡು ಸಣ್ಣ ಹಾಳೆ ಜೋಡಿಸುವುದಕ್ಕಿಂತ ಒಂದೇ ದೊಡ್ಡದು ಒಳ್ಳೆಯದು. ಜೋಡಿಸಲೇಬೇಕಾದರೆ ಗಾಳಿ ಬರುವ ಕಡೆಯ ಹಾಳೆ ಮೇಲಿರಲಿ, ಒಂದು ಮೀಟರಾದರೂ ಒಂದರ ಮೇಲೊಂದು ಬರಲಿ.

ಕಟ್ಟುವುದು

ಹಗ್ಗವನ್ನು ಒಂದು ಬದಿಯ ರಿಂಗಿನಿಂದ ದೋಣಿಯ ತಳದ ಕೆಳಗೆ ತೂರಿಸಿ ಇನ್ನೊಂದು ಬದಿಯ ರಿಂಗಿಗೆ ಕಟ್ಟಿ. ಬದಿಯ ಆಸರೆಗೋ ದಿಮ್ಮಿಗೋ ಯಾವತ್ತೂ ಕಟ್ಟಬೇಡಿ. ಗಾಳಿಗೆ ಟರ್ಪಾಲು ಉಬ್ಬಿದಾಗ ಆಸರೆಯನ್ನೇ ಕಿತ್ತು ತೆಗೆಯುತ್ತದೆ. ಆಗ ದೋಣಿ ಮಗುಚುತ್ತದೆ, ಪಕ್ಕದಲ್ಲಿ ಮನುಷ್ಯರಿದ್ದರೆ ಜೀವಕ್ಕೇ ಅಪಾಯ. ಇದೊಂದನ್ನು ದಯವಿಟ್ಟು ನೆನಪಿಡಿ.

ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ನೀರು ಕುಡಿಯುವುದಿಲ್ಲ, ಹಾಗಾಗಿ ಇಲ್ಲಿಗೆ ಅದೇ ವಾಸಿ. ಪ್ರತಿ ಹಗ್ಗದ ನಡುವೆ ಸೈಕಲ್ ಟ್ಯೂಬಿನ ಒಂದು ಪಟ್ಟಿ ಸೇರಿಸಿದರೆ ಬಿರುಗಾಳಿಯ ಎಳೆತವನ್ನು ಅದು ತಾಳಿಕೊಳ್ಳುತ್ತದೆ, ರಿಂಗ್ ಕಿತ್ತುಬರುವುದಿಲ್ಲ. ಇಷ್ಟಾದ ಮೇಲೆ ಇಡೀ ಹೊದಿಕೆಯ ಮೇಲೆ ಒಂದು ಹಳೇ ಬಲೆ ಹರಡಿ, ಅದರ ಅಂಚನ್ನೂ ತಳದ ಕೆಳಗೆ ಎಳೆದು ಕಟ್ಟಿ. ಗಾಳಿಯ ಬಲ ಹತ್ತು ರಿಂಗುಗಳ ಮೇಲೆ ಬೀಳುವ ಬದಲು ಬಲೆಯ ನೂರಾರು ಕಣ್ಣುಗಳಿಗೆ ಹಂಚಿಹೋಗುತ್ತದೆ. ಮಡಲೂ ಹಾರುವುದಿಲ್ಲ. ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಉಪಾಯ ಬೇರೆ ಇಲ್ಲ. ಹರಿದ ಬಲೆ ಎಲ್ಲರ ಮನೆಯಲ್ಲೂ ಇದ್ದೇ ಇರುತ್ತದೆ ಅಲ್ವಾ?

ಅಂಚನ್ನು ನೆಲದವರೆಗೆ ಇಳಿಸಬೇಡಿ. ಎರಡೂ ತುದಿಯಲ್ಲಿ ಬಿದಿರಿನ ಕೆಳಗೆ ಒಂದು ಅಡಿಯಷ್ಟು ಕಿಂಡಿ ಬಿಡಿ. ಮಳೆ ಹೊಡೆಯುವ ಮೂತಿಯ ಕಡೆ ಕಿಂಡಿಯ ಮೇಲೆ ಟರ್ಪಾಲು ಚಾಚಿಕೊಂಡಿರಲಿ. ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೊರಡಬೇಕು. ಒಳಗಿನ ಹಲಗೆ, ಪೆಟ್ಟಿಗೆಗಳ ಮುಚ್ಚಳ ಎಲ್ಲ ತೆಗೆದೇ ಇಡಿ.

ಬಂದರಿನಲ್ಲಿ ನೀರಿನ ಮೇಲೇ ನಿಲ್ಲುವ ಟ್ರಾಲ್ ಬೋಟಿಗೆ ಇಷ್ಟೆಲ್ಲ ಬೇಡ. ಕ್ಯಾಬಿನ್, ಬಲೆ ಎಳೆಯುವ ವಿಂಚ್, ಎಂಜಿನ್ ಕೋಣೆಯ ಬಾಯಿ ಮುಚ್ಚಿದರೆ ಸಾಕು, ಆದರೆ ತಳದ ನೀರು ತೆಗೆಯುವ ಪಂಪನ್ನು ಯಾರಾದರೂ ನೋಡುತ್ತಿರಬೇಕು. ಮಳೆಗಾಲದಲ್ಲೂ ಮೀನಿಗೆ ಹೋಗುವ ಸಣ್ಣ ನಾಡದೋಣಿಗೆ ಕಮಾನಿನಂತೆ ಬಗ್ಗಿಸಿದ ಪಿವಿಸಿ ಪೈಪಿನ ಮೇಲೆ ಸಣ್ಣ ಹಾಳೆ ಹಾಕಿ. ಹೊರಡುವಾಗ ಬೇಗ ತೆಗೆಯಬಹುದು.

ಹೊದಿಸಿದ ಮೇಲೆ

ಮೊದಲ ದೊಡ್ಡ ಮಳೆ ನಿಂತ ಕೂಡಲೇ ಹೋಗಿ ನೋಡಿ. ಎಲ್ಲಿ ನೀರು ನಿಂತಿದೆಯೋ ಅಲ್ಲಿ ಇನ್ನೊಂದು ಅಡ್ಡ ಬಿದಿರು ಬೇಕು. ಆಮೇಲೆ ವಾರಕ್ಕೊಮ್ಮೆ, ಬಿರುಗಾಳಿಯ ಮುನ್ಸೂಚನೆ ಬಂದಾಗ ತಪ್ಪದೆ, ಹಗ್ಗ ಬಿಗಿ ಮಾಡಿ. ಕಿಂಡಿಯಲ್ಲಿ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಒಣ ಜಾಗ ಹುಡುಕಿ ಹಾವು ಬಂದು ಸೇರಿರಬಹುದು. ಮೂಗಿಗೆ ಮುಗ್ಗಲು ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ ಎಂದರ್ಥ, ಕಿಂಡಿ ದೊಡ್ಡದು ಮಾಡಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಆಗೊಮ್ಮೆ ಈಗೊಮ್ಮೆ ಬಿಸಿಲು ಬೀಳುತ್ತದೆ. ಆ ದಿನ ಒಂದು ಬದಿಯ ಹಗ್ಗ ಬಿಚ್ಚಿ ಹಾಳೆಯನ್ನು ಬಿದಿರಿನವರೆಗೆ ಮಡಚಿ, ಒಳಗೆ ಬಿಸಿಲು ಬೀಳಲಿ. ಸಂಜೆ ಮತ್ತೆ ಕಟ್ಟಿ.

ಸಣ್ಣ ತೂತು ಕಂಡರೆ ಅದೇ ದಿನ ಎರಡೂ ಕಡೆಯಿಂದ ಟರ್ಪಾಲು ಟೇಪ್ ಹಚ್ಚಿ. ಹಚ್ಚುವ ಮೊದಲು ಜಾಗ ಒಣಗಿರಬೇಕು. ರಜೆ ಮುಗಿದು ಹೊದಿಕೆ ತೆಗೆದಾಗ ಹಾಳೆಯನ್ನು ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮಡಚುವ ಬದಲು ಸುರುಳಿ ಸುತ್ತಿ ಇಲಿ ಬಾರದ ಕಡೆ ತೂಗುಹಾಕಿ. ಮುಂದಿನ ಮೇ ತಿಂಗಳಲ್ಲಿ ಅದನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿ. ಚುಕ್ಕಿ ಚುಕ್ಕಿ ಬೆಳಕು ಕಂಡರೆ, ಬೆರಳಲ್ಲಿ ಉಜ್ಜಿದಾಗ ಪುಡಿ ಉದುರಿದರೆ, ಅದನ್ನು ಸೌದೆಗೆ ಹಾಕಿ ದೋಣಿಗೆ ಹೊಸದು ತನ್ನಿ.